ಅಣುಬಾಂಬ್ ಪರೀಕ್ಷೆಗೆ ತಡೆ: ದುರ್ಗ-ದಾವಣಗೆರೆ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಆಗಸ್ಟ್ ಬಂತೆಂದರೆ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಹೈಸ್ಕೂಲು, ಪಿಯು ಕಾಲೇಜುಗಳಲ್ಲಿ ಅಣುಬಾಂಬಿನ ಬಗ್ಗೆ ಮಾತಾಡಲು ಕರೆಯುತ್ತಾರೆ. 6ಕ್ಕೆ ಹಿರೋಶಿಮಾ, 9ಕ್ಕೆ ನಾಗಸಾಕಿ, 29ಕ್ಕೆ ಅಣು ಪರೀಕ್ಷೆ ವಿರೋಧಿ ದಿನ. ಮೊದಲ ಎರಡರ ಬಗ್ಗೆ ಮಕ್ಕಳಿಗೆ ಚೆನ್ನಾಗಿ ಗೊತ್ತು. ಮೂರನೆಯದರ ಬಗ್ಗೆ ಮೇಷ್ಟ್ರುಗಳೂ ಪ್ರಶ್ನೆ ಕೇಳುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ.

ಚಳ್ಳಕೆರೆ ಹತ್ತಿರ ಅಣುಬಾಂಬ್ ಪರೀಕ್ಷೆ ಮಾಡುತ್ತಾರಂತೆ, ನಿಜವಾ?

ಇಲ್ಲ. ಈ ಪ್ರಶ್ನೆ ಕೇಳದ ಊರೇ ಇಲ್ಲ, ಅದಕ್ಕೇ ಮೊದಲು ಇಟ್ಟೆ.

ಚಳ್ಳಕೆರೆ ತಾಲ್ಲೂಕಿನ ಅಮೃತ ಮಹಲ್ ಕಾವಲುಗಳಲ್ಲಿ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಸಾವಿರಾರು ಎಕರೆ ಜಾಗ ಕೊಟ್ಟಿರುವುದು ನಿಜ. ಖುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ ಇದೆ. ಡಿಆರ್‌ಡಿಒದವರ ಏರೋನಾಟಿಕಲ್ ಟೆಸ್ಟ್ ರೇಂಜ್ 2017ರಲ್ಲಿ ಉದ್ಘಾಟನೆ ಆಯಿತು. ಅದರ ಹೆಸರಿನಲ್ಲಿರುವ 'ಟೆಸ್ಟ್' ಪೈಲಟ್ ಇಲ್ಲದ ವಿಮಾನಗಳಿಗೆ ಸಂಬಂಧಪಟ್ಟದ್ದು. ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ ಜಾಗ ಸಿಕ್ಕಿದೆ, ಯುರೇನಿಯಂ ಸಾಂದ್ರಗೊಳಿಸುವ (ಅದರಲ್ಲಿ ಇಂಧನಕ್ಕೋ ಬಾಂಬಿಗೋ ಬೇಕಾದ ಅಂಶದ ಪಾಲು ಹೆಚ್ಚಿಸುವ) ಘಟಕಕ್ಕೆಂದು. ಜನರಿಗೆ ಗಾಬರಿ ಆಗುವುದು ಈ ಕೊನೆಯದರ ಬಗ್ಗೆ.

ಆದರೆ ಯುರೇನಿಯಂ ಸಾಂದ್ರಗೊಳಿಸುವುದು ಬೇರೆ, ಬಾಂಬ್ ಸಿಡಿಸಿ ನೋಡುವುದು ಬೇರೆ. ಭಾರತ ಇದುವರೆಗೆ ಅಣುಬಾಂಬ್ ಸಿಡಿಸಿದ್ದು ರಾಜಸ್ಥಾನದ ಪೋಖ್ರಾನ್‌ನಲ್ಲಿ ಮಾತ್ರ. ಪರೀಕ್ಷೆ ತಡೆಯುವ ಒಪ್ಪಂದಗಳು ಸಾಂದ್ರಗೊಳಿಸುವ ಕೆಲಸವನ್ನು ಮುಟ್ಟುವುದೂ ಇಲ್ಲ. ಬಾಂಬಿಗೆ ಬೇಕಾದ ಸಾಮಗ್ರಿ ತಯಾರಿಕೆಗೇ ಕಡಿವಾಣ ಹಾಕುವ ಇನ್ನೊಂದು ಒಪ್ಪಂದ ಬೇಕು ಅಂತ ವಿಶ್ವಸಂಸ್ಥೆ 1993ರಲ್ಲೇ ಹೇಳಿತು. ಅದರ ಮಾತುಕತೆ ಜಿನೀವಾದಲ್ಲಿ ಇವತ್ತಿಗೂ ಸರಿಯಾಗಿ ಶುರುವಾಗಿಲ್ಲ.

ಕಾವಲಿನಲ್ಲಿ ದನ, ಕುರಿ ಮೇಯಿಸುತ್ತಿದ್ದವರ ತಕರಾರು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಅದು ನ್ಯಾಯವಾದ ತಕರಾರು. ಅದಕ್ಕೆ ಅಣು ಪರೀಕ್ಷೆಯ ಗುಲ್ಲು ಸೇರಿಸಿದರೆ ಆ ಜನರ ವಾದವೇ ಹಗುರಾಗುತ್ತದೆ.

ಬಾಂಬ್ ಸಿಡಿದದ್ದು ಹಿರೋಶಿಮಾ, ನಾಗಸಾಕಿ ಎರಡೇ ಕಡೆ ಅಲ್ವಾ?

ಊರಿನ ಮೇಲೆ ಹಾಕಿದ್ದು ಎರಡೇ. ಪರೀಕ್ಷೆಗೆಂದು ಸಿಡಿಸಿದ್ದು 2,000ಕ್ಕೂ ಹೆಚ್ಚು. ಮೊದಲನೆಯದು 1945ರ ಜುಲೈ 16ರಂದು ಅಮೆರಿಕದ ನ್ಯೂ ಮೆಕ್ಸಿಕೊ ಮರುಭೂಮಿಯಲ್ಲಿ, ಅಂದರೆ ಹಿರೋಶಿಮಾಕ್ಕೂ ಮೂರು ವಾರ ಮುಂಚೆ. ಅಮೆರಿಕ ಒಂದೇ 1,000ಕ್ಕಿಂತ ಜಾಸ್ತಿ ಸಿಡಿಸಿದೆ. ಸೋವಿಯತ್ ಒಕ್ಕೂಟ 700ಕ್ಕಿಂತ ಜಾಸ್ತಿ, ಫ್ರಾನ್ಸ್ 200ಕ್ಕಿಂತ ಜಾಸ್ತಿ, ಬ್ರಿಟನ್ ಮತ್ತು ಚೀನಾ ತಲಾ 45. ಭಾರತ, ಪಾಕಿಸ್ತಾನ, ಉತ್ತರ ಕೊರಿಯಾ ಮೂರೂ ಸೇರಿದರೂ ಬೆರಳೆಣಿಕೆಯಷ್ಟೇ.

ಎಲ್ಲಿ ಸಿಡಿಸಿದರು ಅನ್ನುವುದನ್ನೂ ನೋಡಿ. ಬ್ರಿಟನ್ ತನ್ನ ಬಾಂಬುಗಳನ್ನು ಆಸ್ಟ್ರೇಲಿಯಾದ ಮೂಲನಿವಾಸಿಗಳ ನೆಲಕ್ಕೆ ಒಯ್ದಿತು. ಫ್ರಾನ್ಸ್ ಮೊದಲು ಅಲ್ಜೀರಿಯಾದ ಸಹಾರಾಕ್ಕೆ, ಆಮೇಲೆ ಪೆಸಿಫಿಕ್‌ನ ಪಾಲಿನೇಷ್ಯಾಕ್ಕೆ ಹೋಯಿತು. ಅಮೆರಿಕ ಮಾರ್ಷಲ್ ದ್ವೀಪಗಳಲ್ಲಿ 67 ಸಿಡಿಸಿತು. ಪ್ಯಾರಿಸ್ ಪಕ್ಕದಲ್ಲೋ ಲಂಡನ್ ಪಕ್ಕದಲ್ಲೋ ಒಂದೂ ಇಲ್ಲ.

ಒಂದು ಸಲ ಸಿಡಿಸಿದರೆ ಗೊತ್ತಾಗಲ್ವಾ? ಇಷ್ಟು ಸಲ ಯಾಕೆ?

ಚಿಕ್ಕದು ಮಾಡಬೇಕು, ಕ್ಷಿಪಣಿಯ ತುದಿಯಲ್ಲಿ ಕೂರಿಸಬೇಕು, ಹೈಡ್ರೋಜನ್ ಬಾಂಬ್ ಮಾಡಬೇಕು. ಪ್ರತಿ ಹೊಸ ನಮೂನೆಗೂ ಒಂದೊಂದು ಪರೀಕ್ಷೆ. ಜೊತೆಗೆ ಎದುರಾಳಿಯನ್ನು ಹೆದರಿಸುವ ಆಟವೂ ಇತ್ತು. 1961ರ ಅಕ್ಟೋಬರ್ 30ರಂದು ಸೋವಿಯತ್‌ನವರು ನೊವಾಯಾ ಜೆಮ್ಲ್ಯಾ ದ್ವೀಪದ ಮೇಲೆ ಸಿಡಿಸಿದ ಬಾಂಬು 50 ಮೆಗಾಟನ್ (ಒಂದು ಮೆಗಾಟನ್ ಎಂದರೆ 10 ಲಕ್ಷ ಟನ್ ಸಿಡಿಮದ್ದಿನ ಬಲ). ಅಂದರೆ ಹಿರೋಶಿಮಾದ ಬಾಂಬಿಗಿಂತ 3,000 ಪಟ್ಟು. ಯುದ್ಧದಲ್ಲಿ ಬಳಸಲು ಅದು ತೀರಾ ದೊಡ್ಡದು. ಬರೀ ತೋರಿಸಲಿಕ್ಕೆ ಮಾಡಿದ್ದು.

ನಿಲ್ಲಿಸಿ ಅಂತ ಮೊದಲು ಹೇಳಿದ್ದು ಯಾರು?

ಸರ್ಕಾರದ ಮಟ್ಟದಲ್ಲಿ ಕೇಳಿದರೆ ಭಾರತ. 1954ರ ಏಪ್ರಿಲ್ 2ರಂದು ನೆಹರು ಲೋಕಸಭೆಯಲ್ಲಿ ಮಾತಾಡಿದರು. ಬಾಂಬ್ ನಾಶಮಾಡುವ ದೊಡ್ಡ ಒಪ್ಪಂದ ಆಗುವಾಗ ಆಗಲಿ, ಅಲ್ಲಿಯವರೆಗೆ ಈ ಸಿಡಿಸುವುದನ್ನಾದರೂ ಇದ್ದಲ್ಲಿಗೆ ನಿಲ್ಲಿಸಿ ಅನ್ನುವುದು ಅವರ ಮಾತಿನ ತಿರುಳು. ಪರೀಕ್ಷೆ ನಿಲ್ಲಿಸುವುದನ್ನೇ ಒಂದು ಬೇರೆ ಬೇಡಿಕೆಯಾಗಿ ಜಗತ್ತಿನ ಮುಂದೆ ಇಟ್ಟ ಮೊದಲ ಪ್ರಧಾನಿ ಅವರು.

ಅವರು ಆಗ ಮಾತಾಡಿದ್ದಕ್ಕೆ ಕಾರಣ ಇದೆ. ಒಂದು ತಿಂಗಳ ಹಿಂದೆ, ಮಾರ್ಚ್ 1ರಂದು, ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಒಂದು ಹೈಡ್ರೋಜನ್ ಬಾಂಬ್ ಸಿಡಿಸಿತ್ತು. 6 ಮೆಗಾಟನ್ ಆಸುಪಾಸು ಅಂತ ಅಂದಾಜು ಮಾಡಿದ್ದರು. ಆದದ್ದು 15. ಹವಳದ ಪುಡಿ ಬೂದಿಯಾಗಿ ಮೇಲೆ ಹೋಗಿ, ಗಾಳಿಗೆ ಸಿಕ್ಕಿ, ರೊಂಗೆಲಾಪ್ ದ್ವೀಪದ ಮನೆಗಳ ಮೇಲೆ ಬಿತ್ತು. ಅಲ್ಲಿಯ ಜನರನ್ನು ಸ್ಥಳಾಂತರ ಮಾಡಿದ್ದು ಎರಡು ದಿನ ಕಳೆದ ಮೇಲೆ. ಅಪಾಯದ ವಲಯದ ಹೊರಗೇ ಮೀನು ಹಿಡಿಯುತ್ತಿದ್ದ ಜಪಾನಿನ ಒಂದು ದೋಣಿಯ ಮೇಲೂ ಬಿತ್ತು. ದೋಣಿಯಲ್ಲಿ 23 ಜನ. ಎಲ್ಲರಿಗೂ ವಿಕಿರಣದ ಕಾಯಿಲೆ. ಅವರಲ್ಲಿ ರೇಡಿಯೊ ನೋಡಿಕೊಳ್ಳುತ್ತಿದ್ದ ಐಕಿಚಿ ಕುಬೊಯಾಮಾ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು.

ಜಪಾನ್ ಕೆರಳಿತು. ಟೋಕಿಯೊದ ಸುಗಿನಾಮಿ ಅನ್ನುವ ಬಡಾವಣೆಯ ಗೃಹಿಣಿಯರು ಸಹಿ ಸಂಗ್ರಹ ಶುರುಮಾಡಿದರು. ಮೀನಿನಲ್ಲಿ ವಿಷ ಬಂದರೆ ಮೊದಲು ಗೊತ್ತಾಗುವುದು ಅಡುಗೆ ಮಾಡುವವರಿಗೇ ತಾನೆ? ಒಂದೂವರೆ ವರ್ಷ ತುಂಬುವ ಮೊದಲೇ 3 ಕೋಟಿಗೂ ಹೆಚ್ಚು ಸಹಿ ಬಂತು.

ಹಾಲಿಗೂ ಬಾಂಬಿಗೂ ಸಂಬಂಧ ಅಂತೀರಲ್ಲ, ಹೇಗೆ?

ಬಯಲಿನಲ್ಲಿ ಬಾಂಬ್ ಸಿಡಿದರೆ ಅದರ ಕಸ ಮೋಡಕ್ಕಿಂತ ಮೇಲೆ ಹೋಗುತ್ತದೆ. ತಿಂಗಳುಗಟ್ಟಲೆ ಅಲ್ಲೇ ಸುತ್ತುತ್ತದೆ. ಆಮೇಲೆ ಮಳೆಯ ಜೊತೆ ಹುಲ್ಲಿಗೆ ಬೀಳುತ್ತದೆ. ಹಸು ಹುಲ್ಲು ತಿನ್ನುತ್ತದೆ. ಆ ಕಸದಲ್ಲಿ ಸ್ಟ್ರಾನ್ಷಿಯಂ-90 ಅಂತ ಒಂದಿದೆ. ಮೈಗೆ ಅದು ಕ್ಯಾಲ್ಸಿಯಂನಂತೆಯೇ ಕಾಣುತ್ತದೆ. ಹಾಗಾಗಿ ಹಾಲಿಗೆ ಬಂದು, ಮಗುವಿನ ಮೂಳೆ, ಹಲ್ಲು ಸೇರುತ್ತದೆ. ಅರ್ಧ ಕರಗಲು 29 ವರ್ಷ ಬೇಕು.

ಅಮೆರಿಕದ ಸೇಂಟ್ ಲೂಯಿಸ್ ಊರಿನಲ್ಲಿ ವೈದ್ಯೆ ಲೂಯಿಸ್ ರೈಸ್, ವಿಜ್ಞಾನಿ ಬ್ಯಾರಿ ಕಾಮನರ್ ಮತ್ತು ಗೆಳೆಯರು 1958ರ ಕೊನೆಯಲ್ಲಿ ಒಂದು ಕೆಲಸ ಮಾಡಿದರು. ಮಕ್ಕಳ ಉದುರಿದ ಹಾಲುಹಲ್ಲು ಕಳಿಸಿಕೊಡಿ ಅಂತ ತಂದೆ ತಾಯಂದಿರನ್ನು ಕೇಳಿದರು. ನಮ್ಮಲ್ಲಿ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಮಾಳಿಗೆ ಮೇಲೆ ಎಸೆಯುತ್ತೇವೆ. ಅಲ್ಲಿಯ ಮಕ್ಕಳು ಲಕೋಟೆಗೆ ಹಾಕಿ ಅಂಚೆಗೆ ಕೊಟ್ಟರು, ಬದಲಿಗೆ ಒಂದು ಬ್ಯಾಡ್ಜ್ ಸಿಗುತ್ತಿತ್ತು. ವರ್ಷಗಳು ಕಳೆದಂತೆ 3 ಲಕ್ಷಕ್ಕೂ ಹೆಚ್ಚು ಹಲ್ಲು ಸೇರಿದವು. 1963ರಲ್ಲಿ ಹುಟ್ಟಿದ ಮಕ್ಕಳ ಹಲ್ಲಿನಲ್ಲಿ ಸ್ಟ್ರಾನ್ಷಿಯಂ 1950ರಲ್ಲಿ ಹುಟ್ಟಿದವರಿಗಿಂತ ಸುಮಾರು 50 ಪಟ್ಟು ಇತ್ತು.

ಈ ಇಡೀ ಇತಿಹಾಸದಲ್ಲಿ ನನಗೆ ಬಹಳ ಇಷ್ಟವಾದ ಭಾಗ ಇದು. ಮೆಗಾಟನ್ ಲೆಕ್ಕ ಯಾರ ತಲೆಗೂ ಹತ್ತಲಿಲ್ಲ. ತನ್ನ ಮಗುವಿನ ಹಲ್ಲಿನಲ್ಲಿ ಬಾಂಬಿನ ಕಸ ಇದೆ ಅನ್ನುವುದು ಎಲ್ಲರಿಗೂ ಅರ್ಥವಾಯಿತು. 1961ರ ನವೆಂಬರ್ 1ರಂದು ಅಮೆರಿಕದ ಹತ್ತಾರು ಊರುಗಳಲ್ಲಿ ಹೆಂಗಸರು ಮನೆಗೆಲಸ ಬಿಟ್ಟು ಬೀದಿಗೆ ಬಂದದ್ದು ಇದೇ ಕಾರಣಕ್ಕೆ. ರಸಾಯನ ವಿಜ್ಞಾನಿ ಲೈನಸ್ ಪಾಲಿಂಗ್ 1958ರಲ್ಲಿ ಸಾವಿರಾರು ವಿಜ್ಞಾನಿಗಳ ಸಹಿ ಇರುವ ಮನವಿಯನ್ನು ವಿಶ್ವಸಂಸ್ಥೆಗೆ ಕೊಟ್ಟರು. ಮುಂದೆ ಅವರಿಗೆ ಶಾಂತಿ ನೊಬೆಲ್ ಬಂತು.

ಆ ಕಸ ನಮ್ಮ ಕಡೆಯ ಮಳೆಯಲ್ಲೂ ಬಂದಿತ್ತಾ?

ಬಂದಿತ್ತು, ಆದರೆ ಕಡಿಮೆ. ಹೆಚ್ಚು ಬಿದ್ದದ್ದು ಯುರೋಪು, ಅಮೆರಿಕ ಇರುವ ಅಕ್ಷಾಂಶಗಳಲ್ಲಿ. ನಾವು ಸಮಭಾಜಕ ರೇಖೆಗೆ ಹತ್ತಿರ ಇದ್ದೇವೆ. ಭಾರತದಲ್ಲಿ 1956ರಿಂದಲೇ ಅಣುಶಕ್ತಿ ಇಲಾಖೆಯವರು ಗಾಳಿ, ಮಳೆ, ಹಾಲು ಅಳೆಯಲು ಶುರುಮಾಡಿದ್ದರು. ಅದೇ ವರ್ಷ ನೆಹರು ಹೇಳಿ ಬರೆಸಿದ ಒಂದು ಪುಸ್ತಕವನ್ನು ಸರ್ಕಾರ ಪ್ರಕಟಿಸಿತು. ಅಣು ಸ್ಫೋಟಗಳಿಂದ ಏನಾಗುತ್ತದೆ ಅಂತ ವಿಜ್ಞಾನಿ ಡಿ.ಎಸ್. ಕೊಠಾರಿ ಮತ್ತು ಜೊತೆಯವರು ಅದರಲ್ಲಿ ಲೆಕ್ಕಾಚಾರ ಸಮೇತ ಬರೆದಿದ್ದರು. ಬಾಂಬ್ ಇಲ್ಲದ ದೇಶವೊಂದು ಆ ಕಾಲಕ್ಕೆ ಇಷ್ಟು ಮಾಡಿದ್ದು ದೊಡ್ಡದು.

ಕನ್ನಡದವರು ಯಾರಾದರೂ ಇದರಲ್ಲಿ ಇದ್ದರಾ?

ಎರಡೂ ಕಡೆ ಇದ್ದರು.

1962ರ ಸೆಪ್ಟೆಂಬರ್‌ನಲ್ಲಿ ಗಾಂಧಿ ಶಾಂತಿ ಪ್ರತಿಷ್ಠಾನದ ಮೂವರು ವಾಷಿಂಗ್ಟನ್‌ಗೆ ಹೋಗಿ ಅಧ್ಯಕ್ಷ ಕೆನಡಿಯನ್ನು ಕಂಡರು. ಪರೀಕ್ಷೆ ನಿಲ್ಲಿಸಿ ಅಂತ ಕೇಳಲು. ಮುಂದಾಳು ರಾಜಾಜಿ. ಆಗ ಅವರಿಗೆ 83 ವರ್ಷ. ಜೊತೆಗಿದ್ದ ಇಬ್ಬರೂ ನಮ್ಮವರೇ: ಧಾರವಾಡದ ರಂಗನಾಥ ದಿವಾಕರ ಮತ್ತು ಮಂಗಳೂರು ಮೂಲದ ಬಿ. ಶಿವರಾವ್. ದಿವಾಕರರ ಏಕೀಕರಣದ ಕೆಲಸ ಎಲ್ಲರಿಗೂ ಗೊತ್ತು, ಇದು ಗೊತ್ತಿಲ್ಲ. ಕ್ವಿಜ್ ಮಾಡುವವರು ಬರೆದಿಟ್ಟುಕೊಳ್ಳಿ.

ಇನ್ನೊಂದು ಕಡೆ ತುಮಕೂರಿನಲ್ಲಿ ಹುಟ್ಟಿದ ರಾಜಾ ರಾಮಣ್ಣ. 1974ರ ಪೋಖ್ರಾನ್ ಸ್ಫೋಟದ ಹಿಂದಿನ ಮುಖ್ಯ ವಿಜ್ಞಾನಿ ಅವರು. ಮತ್ತೆ 1996ರಲ್ಲಿ ಸಿಟಿಬಿಟಿಗೆ, ಅಂದರೆ ಎಲ್ಲಾ ಅಣು ಪರೀಕ್ಷೆಗಳನ್ನೂ ನಿಷೇಧಿಸುವ ಒಪ್ಪಂದಕ್ಕೆ, ಭಾರತ ಇಲ್ಲ ಅಂದಾಗ ಪ್ರಧಾನಿ ಎಚ್.ಡಿ. ದೇವೇಗೌಡರು. ಆಗಿನ್ನೂ ದಾವಣಗೆರೆ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು.

1963ರಲ್ಲಿ ಬಯಲು ಪರೀಕ್ಷೆ ತಡೆಯುವ ಒಪ್ಪಂದ ಆದ ಮೇಲೂ ಪರೀಕ್ಷೆ ನಡೆದವಲ್ಲ, ಮತ್ತೆ ಅದರಿಂದ ಏನು ಲಾಭ?

ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಬೇಕು.

1958ರ ಕೊನೆಯಿಂದ ಅಮೆರಿಕ, ಸೋವಿಯತ್, ಬ್ರಿಟನ್ ಮೂರೂ ತಾವಾಗಿಯೇ ಪರೀಕ್ಷೆ ನಿಲ್ಲಿಸಿದ್ದವು. ಬರಹದ ಒಪ್ಪಂದ ಇರಲಿಲ್ಲ. ಸುಮಾರು ಮೂರು ವರ್ಷ ನಡೆಯಿತು. ಮಧ್ಯೆ 1960ರಲ್ಲಿ ಫ್ರಾನ್ಸ್ ಮೊದಲ ಬಾಂಬ್ ಸಿಡಿಸಿತು. 1961ರ ಸೆಪ್ಟೆಂಬರ್ 1ರಂದು ಸೋವಿಯತ್ ಮತ್ತೆ ಶುರುಮಾಡಿತು, ಹಿಂದೆಯೇ ಅಮೆರಿಕವೂ. 1961-62ರಷ್ಟು ಜೋರಾಗಿ ಬಯಲು ಪರೀಕ್ಷೆ ಇನ್ಯಾವತ್ತೂ ನಡೆದಿಲ್ಲ. 1962ರ ಅಕ್ಟೋಬರ್‌ನಲ್ಲಿ ಸೋವಿಯತ್ ಕ್ಯೂಬಾದಲ್ಲಿ ಕ್ಷಿಪಣಿ ಇಟ್ಟದ್ದಕ್ಕೆ ಬಿಕ್ಕಟ್ಟು ಬಂತು. ಯುದ್ಧ ಕೂದಲೆಳೆಯಲ್ಲಿ ತಪ್ಪಿದಾಗ ಕೆನಡಿ, ಸೋವಿಯತ್ ನಾಯಕ ಕ್ರುಶ್ಚೇವ್ ಇಬ್ಬರಿಗೂ ಬೆವರಿಳಿದಿತ್ತು.

ಪೂರ್ತಿ ನಿಷೇಧಕ್ಕೇ ಮಾತುಕತೆ ನಡೆದಿತ್ತು. ಅದು ಮುರಿದದ್ದು ಒಂದು ಸಣ್ಣ ಸಂಖ್ಯೆಯ ಮೇಲೆ. ನೆಲದೊಳಗೆ ಕದ್ದು ಸಿಡಿಸಿದರೆ ಭೂಕಂಪವೋ ಬಾಂಬೋ ಅಂತ ನೋಡಲು ಬಂದು ಪರಿಶೀಲಿಸಬೇಕು ಅಂತ ಅಮೆರಿಕ ಕೇಳಿತು. ವರ್ಷಕ್ಕೆ 20 ಸಲ ಅಂತ ಶುರುವಾದದ್ದು 7ಕ್ಕೆ ಇಳಿಯಿತು. ಸೋವಿಯತ್ 3ಕ್ಕಿಂತ ಮೇಲೆ ಏರಲಿಲ್ಲ, ಬರುವವರು ಗೂಢಚಾರರೇ ಅನ್ನುವುದು ಅವರ ಅನುಮಾನ. ಸಂತೆಯಲ್ಲಿ ಹೋರಿಗೆ ಚೌಕಾಸಿ ಮಾಡಿ, ಕೊನೆಯ ನೂರು ರೂಪಾಯಿಗೆ ವ್ಯಾಪಾರ ಬಿಟ್ಟು ಎದ್ದ ಹಾಗೆ ಆಯಿತು. 7 ಮತ್ತು 3ರ ನಡುವೆ ಕೈಕುಲುಕಿದ್ದರೆ ಮುಂದಿನ ಸಾವಿರಕ್ಕೂ ಹೆಚ್ಚು ಸ್ಫೋಟ ಬಹುಶಃ ಆಗುತ್ತಲೇ ಇರಲಿಲ್ಲ.

ಆಗ ಉಳಿದದ್ದು ಒಂದೇ ದಾರಿ. ಜಗಳ ಇರುವ ನೆಲದೊಳಗಿನ ಪರೀಕ್ಷೆಯನ್ನು ಬಿಟ್ಟು, ಉಳಿದದ್ದನ್ನು ನಿಷೇಧಿಸುವುದು. 1963ರ ಜುಲೈಯಲ್ಲಿ ಮಾಸ್ಕೋದಲ್ಲಿ ಹತ್ತು ಹನ್ನೊಂದು ದಿನದಲ್ಲಿ ಮಾತುಕತೆ ಮುಗಿಯಿತು. ಆಗಸ್ಟ್ 5ಕ್ಕೆ ಸಹಿ, ಅಕ್ಟೋಬರ್ 10ಕ್ಕೆ ಜಾರಿ. ಗಾಳಿಯಲ್ಲಿ, ಬಾಹ್ಯಾಕಾಶದಲ್ಲಿ, ನೀರಿನಡಿ ಸಿಡಿಸುವಂತಿಲ್ಲ. ಭಾರತ ಆಗಸ್ಟ್ 8ರಂದೇ ಸಹಿ ಹಾಕಿತು. ಫ್ರಾನ್ಸ್, ಚೀನಾ ಹಾಕಲಿಲ್ಲ.

ಲಾಭ ಏನು ಅಂದರೆ, ಹಾಲು ಚೊಕ್ಕವಾಯಿತು. ಗಾಳಿಯಲ್ಲಿನ ಕಸ ಮುಂದಿನ ವರ್ಷಗಳಲ್ಲಿ ಇಳಿಯುತ್ತಾ ಬಂತು. ನಷ್ಟವೂ ಅದೇ. ಹಾಲು ಚೊಕ್ಕವಾದ ಕೂಡಲೆ ಬೀದಿಯ ಜನ ಮನೆಗೆ ಹೋದರು. ಬಾಂಬ್ ನೆಲದೊಳಗೆ ಹೋಯಿತು, ಯಾರ ಕಣ್ಣಿಗೂ ಬೀಳಲಿಲ್ಲ. ಪೂರ್ತಿ ನಿಷೇಧಕ್ಕೆ ಇನ್ನೂ 33 ವರ್ಷ ಕಾಯಬೇಕಾಯಿತು. 1963ರ ಮುಂಚೆ ಆದದ್ದಕ್ಕಿಂತ ಆಮೇಲೆ ಆದ ಪರೀಕ್ಷೆಗಳೇ ಹೆಚ್ಚು.

ನೆಲದೊಳಗೆ ಸಿಡಿಸಿದರೆ ಹೊರಗಿನವರಿಗೆ ಹೇಗೆ ಗೊತ್ತಾಗುತ್ತದೆ?

ಭೀಮಸಮುದ್ರ, ಹೊಳಲ್ಕೆರೆ ಕಡೆಯ ಹುಡುಗರು ಇದನ್ನು ಬೇಗ ಹಿಡಿಯುತ್ತಾರೆ. ಗಣಿಯಲ್ಲಿ ಸಿಡಿಮದ್ದು ಇಟ್ಟಾಗ ಮನೆಯ ಪಾತ್ರೆ ಅದುರುವುದು ಅವರಿಗೆ ಗೊತ್ತು. ಬಾಂಬ್ ಸಿಡಿದರೂ ನೆಲ ಅದುರುತ್ತದೆ, ಆ ಅದುರು ಭೂಮಿಯ ಒಳಗಿಂದ ಸಾವಿರಾರು ಕಿಲೋಮೀಟರ್ ಹೋಗುತ್ತದೆ.

ಭೂಕಂಪದಲ್ಲಿ ಎರಡು ಬಂಡೆಗಳು ಒಂದಕ್ಕೊಂದು ಉಜ್ಜಿ ಜಾರುತ್ತವೆ. ಬಾಂಬ್ ಎಲ್ಲಾ ದಿಕ್ಕಿಗೂ ಒಂದೇ ಸಲ ತಳ್ಳುತ್ತದೆ. ಹಾಗಾಗಿ ಬಾಂಬಿನಲ್ಲಿ ಮೊದಲ ತಳ್ಳುವ ಅಲೆ ಜೋರು, ನೆಲದ ಮೇಲ್ಮೈಯಲ್ಲಿ ಹಿಂದೆ ಬರುವ ಅಲೆ ಸಣ್ಣದು. ಭೂಕಂಪದಲ್ಲಿ ಮೇಲ್ಮೈ ಅಲೆ ದೊಡ್ಡದು. ಇನ್ನು ಆಳ. ಹತ್ತಾರು ಕಿಲೋಮೀಟರ್ ಕೆಳಗೆ ಆದದ್ದು ಬಾಂಬ್ ಆಗಿರಲು ಸಾಧ್ಯವಿಲ್ಲ, ಅಷ್ಟು ಆಳ ಯಾರು ತೋಡುತ್ತಾರೆ?

ಈ ವಿದ್ಯೆಯ ಒಂದು ತುಣುಕು ನಮ್ಮ ರಾಜ್ಯದಲ್ಲೇ ಇದೆ. ಗೌರಿಬಿದನೂರಿನಲ್ಲಿ 1960ರ ದಶಕದಲ್ಲಿ ಬ್ರಿಟನ್ನಿನ ಅಣುಶಕ್ತಿ ಸಂಸ್ಥೆಯ ನೆರವಿನಿಂದ ಕಂಪನಮಾಪಕಗಳ ಸಾಲನ್ನು ಹೂಳಿದರು. ಇಂಗ್ಲಿಷಿನ 'ಎಲ್' ಅಕ್ಷರದ ಆಕಾರ. ಹಳೆಯ ಗಟ್ಟಿ ಬಂಡೆ, ಸಮುದ್ರದ ಗದ್ದಲ ದೂರ, ಹಾಗಾಗಿ ಕ್ಷೀಣ ಅದುರೂ ಕೇಳುತ್ತದೆ. ಬೇರೆ ದೇಶಗಳ ಅಣು ಪರೀಕ್ಷೆ ಪತ್ತೆ ಹಚ್ಚುವುದೇ ಅದರ ಕೆಲಸ. ಗೌರಿಬಿದನೂರು ಅಂದರೆ ಎಲ್ಲರೂ ರೇಡಿಯೊ ದೂರದರ್ಶಕ ಅನ್ನುತ್ತಾರೆ. ಇದು ಅದಲ್ಲ, ಇನ್ನೊಂದು.

ಈಗ ಸಿಟಿಬಿಟಿಗೆಂದೇ ಜಗತ್ತಿನಾದ್ಯಂತ ಒಂದು ಜಾಲವೇ ಇದೆ. ಒಟ್ಟು 337 ಕೇಂದ್ರಗಳ ಯೋಜನೆ, ಬಹುಪಾಲು ಕೆಲಸ ಮಾಡುತ್ತಿವೆ, ಕಚೇರಿ ವಿಯೆನ್ನಾದಲ್ಲಿ. 170 ಕೇಂದ್ರಗಳು ನೆಲದ ಅದುರು ಕೇಳುತ್ತವೆ. 11 ಸಮುದ್ರದ ಸದ್ದು ಕೇಳುತ್ತವೆ. 60 ಕೇಂದ್ರಗಳು ಕಿವಿಗೆ ಕೇಳದಷ್ಟು ಮಂದ್ರವಾದ ಗಾಳಿಯ ಸದ್ದನ್ನು ಹಿಡಿಯುತ್ತವೆ. (ಇವಕ್ಕೆ ಗಾಳಿಯೇ ಶತ್ರು. ನಮ್ಮ ದುರ್ಗದ ಗುಡ್ಡದ ಮೇಲೆ, ಗಾಳಿಯಂತ್ರಗಳ ನಡುವೆ ಇಟ್ಟರೆ ಏನೂ ಕೇಳಿಸಲಿಕ್ಕಿಲ್ಲ.) 80 ಕೇಂದ್ರಗಳು ಗಾಳಿಯಲ್ಲಿ ವಿಕಿರಣದ ಕಣ ಹುಡುಕುತ್ತವೆ. ಉಳಿದ 16 ಪ್ರಯೋಗಾಲಯಗಳು. ಬಂಡೆಯ ಬಿರುಕಿನಿಂದ ಕ್ಸೆನಾನ್ ಅನಿಲ ಸೋರಿ ಬಂದರೆ ಬಾಂಬ್ ಅನ್ನುವುದು ಖಾತ್ರಿ. 2013ರ ಫೆಬ್ರವರಿಯಲ್ಲಿ ಉತ್ತರ ಕೊರಿಯಾ ಸಿಡಿಸಿದ್ದರ ಕ್ಸೆನಾನ್ ಜಪಾನಿನ ಕೇಂದ್ರವೊಂದರಲ್ಲಿ ಏಪ್ರಿಲ್‌ನಲ್ಲಿ ಸಿಕ್ಕಿತು.

1963ರಲ್ಲಿ 7 ಮತ್ತು 3ರ ಜಗಳ ಆದದ್ದು ಈ ಜಾಲ ಇಲ್ಲದ್ದಕ್ಕೆ. ಈಗ ಕದ್ದು ಸಿಡಿಸುವುದು ಬಹಳ ಕಷ್ಟ. ತೀರಾ ಸಣ್ಣದು ತಪ್ಪಿಸಿಕೊಳ್ಳಬಹುದು. 1998ರ ಮೇ 13ರಂದು ಭಾರತ ಸಿಡಿಸಿದೆವು ಎಂದ ಎರಡು ಚಿಕ್ಕ ಬಾಂಬುಗಳು ಹೊರದೇಶದ ಕಂಪನ ಕೇಂದ್ರಗಳಲ್ಲಿ ದಾಖಲಾಗಲಿಲ್ಲ.

ಜನ ಕೂಗಿದ್ದರಿಂದ ಎಲ್ಲಾದರೂ ನಿಂತಿದೆಯಾ, ಅಥವಾ ಎಲ್ಲಾ ದೊಡ್ಡವರ ಲೆಕ್ಕಾಚಾರವಾ?

ಕಜಾಕಿಸ್ತಾನದಲ್ಲಿ ನಿಂತಿದೆ. ಸೋವಿಯತ್‌ನ ಮುಖ್ಯ ಪರೀಕ್ಷಾ ಬಯಲು ಅಲ್ಲಿಯ ಸೆಮಿಪಲಾಟಿನ್ಸ್ಕ್. 1949ರಿಂದ 1989ರವರೆಗೆ 456 ಪರೀಕ್ಷೆ. 1989ರ ಫೆಬ್ರವರಿಯಲ್ಲಿ ಕವಿ ಒಲ್ಜಾಸ್ ಸುಲೈಮೆನೊವ್ ಟಿವಿಯಲ್ಲಿ ನೇರ ಪ್ರಸಾರಕ್ಕೆ ಬಂದಿದ್ದರು, ಕವಿತೆ ಓದಲು. ಅವರು ಕವಿತೆ ಬಿಟ್ಟು, ಪರೀಕ್ಷಾ ಬಯಲಿನಿಂದ ವಿಕಿರಣ ಸೋರಿದ್ದರ ಬಗ್ಗೆ ಹೇಳಿಕೆ ಓದಿದರು. ಕೆಲವೇ ದಿನದಲ್ಲಿ ದೊಡ್ಡ ಚಳವಳಿ ಹುಟ್ಟಿತು. ಅಮೆರಿಕದ ನೆವಾಡಾದ ಹೆಸರನ್ನೂ ಸೇರಿಸಿ ಅದಕ್ಕೆ 'ನೆವಾಡಾ-ಸೆಮಿಪಲಾಟಿನ್ಸ್ಕ್' ಅಂತ ಹೆಸರಿಟ್ಟರು. 1991ರ ಆಗಸ್ಟ್ 29ಕ್ಕೆ ಆ ಬಯಲು ಮುಚ್ಚಿತು. ನಾವು ಆಚರಿಸುವ ದಿನ ಅದೇ.

ಪೆಸಿಫಿಕ್‌ನ ಕಥೆಯೂ ಇದೆ. ಫ್ರಾನ್ಸ್ ವಿರುದ್ಧ ಆಸ್ಟ್ರೇಲಿಯಾ, ನ್ಯೂಜಿಲೆಂಡ್ 1973ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋದವು. ನ್ಯೂಜಿಲೆಂಡ್ ತನ್ನ ಯುದ್ಧನೌಕೆಯನ್ನೇ ಫ್ರಾನ್ಸ್ ಪರೀಕ್ಷೆ ಮಾಡುತ್ತಿದ್ದ ಮುರುರೋವಾ ದ್ವೀಪದ ಹತ್ತಿರಕ್ಕೆ ಕಳಿಸಿತು. ಮುಂದಿನ ವರ್ಷ ಫ್ರಾನ್ಸ್ ಬಯಲು ಪರೀಕ್ಷೆ ಬಿಟ್ಟು ನೆಲದೊಳಕ್ಕೆ ಇಳಿಯಿತು. 1985ರಲ್ಲಿ ಫ್ರಾನ್ಸಿನ ಗೂಢಚಾರರು ನ್ಯೂಜಿಲೆಂಡಿನ ಆಕ್ಲೆಂಡ್ ಬಂದರಿನಲ್ಲಿ ಪರಿಸರ ಸಂಘಟನೆ ಗ್ರೀನ್‌ಪೀಸ್‌ನ ಹಡಗನ್ನು ಬಾಂಬಿಟ್ಟು ಮುಳುಗಿಸಿದರು, ಒಬ್ಬ ಛಾಯಾಗ್ರಾಹಕ ಸತ್ತ. ಪರೀಕ್ಷೆ ಬೇಡ ಅಂದವರ ಹಡಗಿಗೇ ಬಾಂಬ್!

ಮೊದಲು ನಿಲ್ಲಿಸಿ ಅಂದ ಭಾರತ 1974ರಲ್ಲಿ ತಾನೇ ಯಾಕೆ ಸಿಡಿಸಿತು?

1964ರ ಅಕ್ಟೋಬರ್ 16ರಂದು ಚೀನಾ ಲಾಪ್ ನೂರ್‌ನಲ್ಲಿ ಸಿಡಿಸಿತು. ಎರಡು ವರ್ಷದ ಹಿಂದೆ ಅದೇ ಚೀನಾದ ಜೊತೆ ಯುದ್ಧ ಸೋತಿದ್ದೆವು. 1968ರ ಎನ್‌ಪಿಟಿ ಅನ್ನುವ, ಬಾಂಬ್ ಹೊಸಬರ ಕೈಗೆ ಹೋಗದಂತೆ ತಡೆಯುವ ಒಪ್ಪಂದ ಬಂದಾಗ, 1967ರ ಮೊದಲು ಸಿಡಿಸಿದವರಿಗೆ ಮಾತ್ರ ಬಾಂಬಿನ ಹಕ್ಕು, ಉಳಿದವರಿಗೆ ಇಲ್ಲ ಅಂತಾಯಿತು. ಭಾರತ ಸಹಿ ಹಾಕಲಿಲ್ಲ. 1974ರ ಮೇ 18ರಂದು ಪೋಖ್ರಾನ್‌ನಲ್ಲಿ ಸಿಡಿಸಿ 'ಶಾಂತಿಯುತ ಸ್ಫೋಟ' ಅಂತ ಕರೆಯಿತು. ನೆಲದೊಳಗೆ ಆದ್ದರಿಂದ 1963ರ ಒಪ್ಪಂದ ಮುರಿಯಲಿಲ್ಲ. 'ಶಾಂತಿಯುತ' ಅನ್ನುವುದನ್ನು ಹೊರಗಡೆ ಯಾರೂ ನಂಬಲಿಲ್ಲ. ನನಗೂ ನಂಬುವುದು ಕಷ್ಟ.

1996ರಲ್ಲಿ ಸಿಟಿಬಿಟಿಗೆ ಭಾರತ ಯಾಕೆ ಒಪ್ಪಲಿಲ್ಲ?

ಒಪ್ಪಂದದ ಮಾತುಕತೆ ನಡೆದ ಜಿನೀವಾದಲ್ಲಿ ನಮ್ಮ ರಾಯಭಾರಿ ಅರುಂಧತಿ ಘೋಷ್, ಈಗಲೂ ಇಲ್ಲ ಮುಂದೂ ಇಲ್ಲ ಅಂದರು. ಭಾರತ ತಡೆದದ್ದರಿಂದ ಅಲ್ಲಿ ಒಮ್ಮತ ಬರಲಿಲ್ಲ. ಆಸ್ಟ್ರೇಲಿಯಾ ಅದೇ ಕರಡನ್ನು ಹಿಡಿದು ವಿಶ್ವಸಂಸ್ಥೆಯ ಮಹಾಸಭೆಗೆ ಹೋಯಿತು. ಸೆಪ್ಟೆಂಬರ್ 10ರಂದು 158 ದೇಶ ಪರ, ಮೂರು ವಿರುದ್ಧ: ಭಾರತ, ಭೂತಾನ್, ಲಿಬಿಯಾ.

ಭಾರತದ ತಕರಾರು ಹೀಗಿತ್ತು. ಬಾಂಬ್ ಇರುವವರು ಯಾವಾಗ ಬಾಂಬ್ ಬಿಡುತ್ತಾರೆ ಅನ್ನುವ ಗಡುವು ಇದರಲ್ಲಿ ಇಲ್ಲ. ಸಿಡಿಸುವುದು ಮಾತ್ರ ತಪ್ಪು, ಲ್ಯಾಬಿನಲ್ಲಿ, ಕಂಪ್ಯೂಟರಿನಲ್ಲಿ ಬಾಂಬ್ ಸುಧಾರಿಸಬಹುದು, ಅಂದರೆ ದುಡ್ಡಿದ್ದವರಿಗೆ ದಾರಿ ತೆರೆದೇ ಇದೆ. ಜೊತೆಗೆ 44 ದೇಶಗಳ ಹೆಸರು ಬರೆದು, ಅಷ್ಟೂ ಒಪ್ಪಿದರೆ ಮಾತ್ರ ಜಾರಿ ಅಂತ ಷರತ್ತು ಹಾಕಿದರು. ಅದರಲ್ಲಿ ಭಾರತವೂ ಇತ್ತು. ಬೇಡ ಅಂದವರ ಹೆಸರನ್ನು ಬರೆದು ಒತ್ತಡ ಹೇರುವುದು ಯಾವ ನ್ಯಾಯ ಅಂತ ದೆಹಲಿ ಕೇಳಿತು.

ಈ ಮಾತುಗಳಲ್ಲಿ ಹುರುಳಿದೆ. ಆದರೆ ಹೇಳದೆ ಬಿಟ್ಟ ಕಾರಣವೂ ಒಂದಿತ್ತು. ನಮ್ಮ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ. 1995ರ ಡಿಸೆಂಬರ್‌ನಲ್ಲಿ ಪೋಖ್ರಾನ್‌ನ ತಯಾರಿ ಅಮೆರಿಕದ ಉಪಗ್ರಹಕ್ಕೆ ಸಿಕ್ಕಿಬಿದ್ದು, ನಿಲ್ಲಿಸಬೇಕಾಗಿತ್ತು. 1998ರ ಮೇ 11 ಮತ್ತು 13ರಂದು ಐದು ಬಾಂಬ್ ಸಿಡಿಸಿದ ಮೇಲೆ, ಇನ್ನು ಸಿಡಿಸುವುದಿಲ್ಲ ಅಂತ ಭಾರತ ತಾನಾಗಿಯೇ ಹೇಳಿತು. ಪಾಕಿಸ್ತಾನ ಮೇ 28 ಮತ್ತು 30ಕ್ಕೆ ಉತ್ತರ ಕೊಟ್ಟಿತು. ನಮ್ಮ ಹೈಡ್ರೋಜನ್ ಬಾಂಬ್ ಪೂರ್ತಿ ಸಿಡಿಯಲಿಲ್ಲ ಅಂತ 2009ರಲ್ಲಿ ಕೆ. ಸಂತಾನಂ ಹೇಳಿದಾಗ ದೊಡ್ಡ ಗದ್ದಲ ಆಯಿತು. ಅವರು ಆ ಪರೀಕ್ಷೆಯಲ್ಲಿ ಇದ್ದ ವಿಜ್ಞಾನಿಯೇ. ಅಣುಶಕ್ತಿ ಇಲಾಖೆಯವರು ಅದನ್ನು ಒಪ್ಪಲಿಲ್ಲ.

ಸಹಿ ಹಾಕದೆ, ಸಹಿ ಹಾಕಿದವರ ಹಾಗೆಯೇ ಇದ್ದೇವೆ. ನನ್ನನ್ನು ಕೇಳಿದರೆ, ಇಷ್ಟು ವರ್ಷ ಪಾಲಿಸಿದ್ದನ್ನು ಕಾಗದದ ಮೇಲೆ ಬರೆದುಕೊಟ್ಟರೆ ನಮಗೆ ಕಳೆದುಹೋಗುವುದು ಕಡಿಮೆ. ಇದಕ್ಕೆ ಒಪ್ಪದವರು ದಾವಣಗೆರೆಯ ಪ್ರತಿ ಸಭೆಯಲ್ಲೂ ಸಿಗುತ್ತಾರೆ. ಚೀನಾದ ಹೆಸರು ಹೇಳುತ್ತಾರೆ. ಅದನ್ನು ತಳ್ಳಿಹಾಕಲೂ ಆಗುವುದಿಲ್ಲ.

ಹಾಗಾದರೆ ಸಿಟಿಬಿಟಿ ಈಗ ಜಾರಿಯಲ್ಲಿ ಇದೆಯಾ?

ಕಾನೂನಿನ ಲೆಕ್ಕದಲ್ಲಿ ಇಲ್ಲ. 187 ದೇಶ ಸಹಿ ಹಾಕಿವೆ. ಆದರೆ ಆ 44ರಲ್ಲಿ 9 ದೇಶ ಬಾಕಿ. ಭಾರತ, ಪಾಕಿಸ್ತಾನ, ಉತ್ತರ ಕೊರಿಯಾ ಸಹಿಯನ್ನೇ ಹಾಕಿಲ್ಲ. ಅಮೆರಿಕ, ಚೀನಾ, ಈಜಿಪ್ಟ್, ಇರಾನ್, ಇಸ್ರೇಲ್ ಸಹಿ ಹಾಕಿ ಅನುಮೋದನೆ ಕೊಟ್ಟಿಲ್ಲ. ಮೊದಲು ಸಹಿ ಹಾಕಿದ್ದೇ ಅಮೆರಿಕದ ಕ್ಲಿಂಟನ್, ಆದರೆ ಅವರ ಸೆನೆಟ್ 1999ರಲ್ಲಿ 51-48ರಿಂದ ತಿರಸ್ಕರಿಸಿತು. ಒಂಬತ್ತನೆಯದಾದ ರಷ್ಯಾ 2000ದಲ್ಲಿ ಕೊಟ್ಟ ಅನುಮೋದನೆಯನ್ನು 2023ರ ನವೆಂಬರ್‌ನಲ್ಲಿ ವಾಪಸ್ ತೆಗೆದುಕೊಂಡಿತು.

ಜಾರಿಯಾಗದ ಒಪ್ಪಂದವನ್ನು ಎಲ್ಲರೂ ಪಾಲಿಸುತ್ತಾ ಬಂದಿದ್ದಾರೆ, ಅದೇ ವಿಚಿತ್ರ. 1998ರ ನಂತರ ಸಿಡಿಸಿದ್ದು ಖಾತ್ರಿಯಾಗಿರುವುದು ಉತ್ತರ ಕೊರಿಯಾ ಒಂದೇ. 2006ರಿಂದ 2017ರವರೆಗೆ ಆರು ಸಲ. ಆರನ್ನೂ ಆ ಜಾಲ ಹಿಡಿಯಿತು.

ಅಮೆರಿಕದವರು ಪರೀಕ್ಷೆ ಮತ್ತೆ ಶುರುಮಾಡುತ್ತಾರೆ ಅಂತ ಟಿವಿಯಲ್ಲಿ ಬಂತಲ್ಲ?

2025ರ ಅಕ್ಟೋಬರ್ ಕೊನೆಯಲ್ಲಿ ಟ್ರಂಪ್, ಬೇರೆಯವರಿಗೆ ಸಮನಾಗಿ ನಾವೂ ಪರೀಕ್ಷೆ ಮಾಡುತ್ತೇವೆ ಅಂದರು. ಕೆಲವು ದಿನದಲ್ಲೇ ಅವರ ಇಂಧನ ಸಚಿವರು, ಅಣು ಸ್ಫೋಟ ಇರುವುದಿಲ್ಲ, ಉಳಿದ ಭಾಗಗಳ ಪರೀಕ್ಷೆ ಮಾತ್ರ ಅಂತ ವಿವರಣೆ ಕೊಟ್ಟರು. ಅಮೆರಿಕದ ಕೊನೆಯ ಸ್ಫೋಟ 1992ರ ಸೆಪ್ಟೆಂಬರ್ 23ರದ್ದು. ಅವರು ಶುರುಮಾಡಿದರೆ ಹೆಚ್ಚು ಲಾಭ ಚೀನಾಕ್ಕೆ. 1,000 ಸಿಡಿಸಿದವರ ಹತ್ತಿರ ಮಾಹಿತಿ ರಾಶಿ ಬಿದ್ದಿದೆ, 45 ಸಿಡಿಸಿದವರಿಗೆ ಇನ್ನೂ ಕಲಿಯುವುದಿದೆ.

ಕೆಎಎಸ್, ಎಫ್‌ಡಿಎಗೆ ಓದುತ್ತಿದ್ದೇವೆ. ಇವೆಲ್ಲ ಕಲಸುಮೇಲೋಗರ ಆಗುತ್ತವೆ, ಏನು ಮಾಡುವುದು?

ತಪ್ಪುವುದು ಹೆಚ್ಚಾಗಿ ಭಾರತದ ನಿಲುವಿನಲ್ಲಿ. 1963ರದ್ದಕ್ಕೆ ಭಾರತ ಸಹಿ ಹಾಕಿದೆ. 1968ರ ಎನ್‌ಪಿಟಿಗೆ ಇಲ್ಲ, 1996ರ ಸಿಟಿಬಿಟಿಗೆ ಇಲ್ಲ. ಎನ್‌ಪಿಟಿ ಇರುವುದು ಬಾಂಬ್ ಹೊಸಬರ ಕೈಗೆ ಹೋಗದಿರಲು, ಪರೀಕ್ಷೆ ತಡೆಯಲು ಅಲ್ಲ. 2017ರಲ್ಲಿ ಬಂದು 2021ರ ಜನವರಿ 22ರಂದು ಜಾರಿಯಾದ ಇನ್ನೊಂದು ಒಪ್ಪಂದ ಅಣ್ವಸ್ತ್ರವನ್ನೇ ಪೂರ್ತಿ ನಿಷೇಧಿಸುತ್ತದೆ. ಅದಕ್ಕೆ ಬಾಂಬ್ ಇರುವ ಒಂದು ದೇಶವೂ ಸೇರಿಲ್ಲ. 1974ರಲ್ಲಿ ಅಮೆರಿಕ-ಸೋವಿಯತ್ ಮಾಡಿಕೊಂಡ 150 ಕಿಲೋಟನ್ ಮಿತಿಯ ಒಪ್ಪಂದವನ್ನು ಪ್ರಶ್ನೆಪತ್ರಿಕೆಯವರು ಸುಮ್ನೆ ಗೊಂದಲಕ್ಕೆ ಆಯ್ಕೆಗಳಲ್ಲಿ ಹಾಕುತ್ತಾರೆ. ಅದು ಆ ಎರಡು ದೇಶಗಳ ನಡುವಿನದು, ಜಾರಿಗೆ ಬಂದದ್ದು 1990ರಲ್ಲಿ.